ಹಳೆಯ ಅರಿಷ್ಟವೂ ಹೊಸ ಅರಿಷ್ಟವೂ

ಸಂಸ್ಕೃತದಲ್ಲಿ ‘ಅರಿಷ್ಟ’ವೆಂಬುದು ಒಂದು ವಿಚಿತ್ರವಾದ ಶಬ್ದವು. ಕೇಡಿಲ್ಲದ್ದು ಎಂಬುದು ಅದರ ಮೂಲಾರ್ಥ. ಪರಂತು ವೈದ್ಯಗ್ರಂಥಗಳಲ್ಲಿ ಮರಣವನ್ನು ಸೂಚಿಸುವ ಚಿಹ್ನೆಗೂ ಅದೇ ಹೆಸರು, ಕಷಾಯವನ್ನು ಬೆಲ್ಲದೊಡನೆ ಹುದುಗಿಸಿ ಸಿದ್ಧಮಾಡಿದ ಔಷಧಕ್ಕೂ ಅದೇ ಹೆಸರು. ಪಾಠಶಾಲೆಯಲ್ಲಿ ನಮಗೆ ಅಮರಕೋಶವನ್ನು ಹೇಳಿಕೊಟ್ಟ ಗುರುಗಳು ಈ ಶಬ್ದಕ್ಕೆ ಬಂದಾಗಲೆಲ್ಲ ನಿಂತು, “ಪ್ರಕರಣ ನೋಡಿ ಅರ್ಥ ಮಾಡ್ರಿ, ಇಲ್ಲದಿದ್ದರೆ ಔಷಧವೇ ಅಪಶಕುನ ಆದೀತು” ಎಂದು ನಗುತ್ತಿದ್ದರು. ಆ ಎಚ್ಚರಿಕೆಯನ್ನು ಐವತ್ತು ವರ್ಷ ಮಕ್ಕಳಿಗೆ ಹೇಳುತ್ತ ಬಂದ ನಾನೇ ಅದನ್ನು ಮರೆತು ಒಂದು ಸೀಸೆಯ ವಿಷಯದಲ್ಲಿ ಮೋಸಹೋದ ಸಂಗತಿಯನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಪೂರ್ವಜರದು ಸವಣೂರು ತಾಲೂಕಿನ ಒಂದು ಎರೆಭೂಮಿಯ ಹಳ್ಳಿ. ನನ್ನ ಅಜ್ಜನವರು ಅಲ್ಲಿ ವೈದ್ಯವೃತ್ತಿಯನ್ನು ನಡೆಸಿದವರು. ವೃತ್ತಿಯೆಂದರೆ ಹಣ ತರುವ ವೃತ್ತಿಯಲ್ಲ. ಹೊಲವೇ ಹೊಟ್ಟೆಗೆ, ವೈದ್ಯವು ಊರಿಗೆ. ಪ್ರತಿವರ್ಷ ಮಾರ್ಗಶಿರ ಮಾಸದಲ್ಲಿ ಅವರು ಒಂದು ದೊಡ್ಡ ಮಣ್ಣಿನ ಗಡಿಗೆಯ ತುಂಬ ದ್ರಾಕ್ಷಾರಿಷ್ಟವನ್ನು ಹಾಕುತ್ತಿದ್ದರು. ಕೆಮ್ಮು, ಕ್ಷಯ, ಜ್ವರ ಬಿಟ್ಟಮೇಲಿನ ನಿಶ್ಶಕ್ತಿ ಇವುಗಳಿಗೆ ಸುತ್ತಲಿನ ನಾಲ್ಕು ಹಳ್ಳಿಯವರು ಅದನ್ನು ಕೇಳಿಕೊಂಡು ಬರುತ್ತಿದ್ದರು. ನಾವು ಹುಡುಗರು ಮಾತ್ರ ಸುಳ್ಳು ಕೆಮ್ಮು ಕೆಮ್ಮಿ ಅಜ್ಜನ ಮುಂದೆ ಕೈಯೊಡ್ಡುತ್ತಿದ್ದೆವು. ಸಂಧ್ಯಾವಂದನೆಯ ಉದ್ಧರಣೆಯಲ್ಲಿಯೇ ಒಂದೊಂದು ಚಮಚ ದೊರೆಯುತ್ತಿತ್ತು. ಸಿಹಿ, ಒಗರು, ಸ್ವಲ್ಪ ಖಾರ. ಗಂಟಲಲ್ಲಿ ಇಳಿಯುವಾಗ ಬೆಚ್ಚಗೆ. ಆ ರುಚಿಯೇ ನನ್ನ ನಾಲಗೆಯ ಮೇಲೆ ಪ್ರಮಾಣವಾಗಿ ಉಳಿಯಿತು.

ಅದನ್ನು ಮಾಡುವ ಕ್ರಮವನ್ನು ಹೇಳದಿದ್ದರೆ ಮುಂದಿನದು ತಿಳಿಯದು. ಔಷಧವನ್ನು ಬೇಯಿಸದೆ ನೀರಿನಲ್ಲಿಯೇ ಹಾಕಿ ಹುದುಗಿಸಿದರೆ ಆಸವ, ಕಷಾಯಮಾಡಿ ಹುದುಗಿಸಿದರೆ ಅರಿಷ್ಟ ಎಂದು ಶಾರ್ಙ್ಗಧರನ ವಿಭಾಗ. ಅವನ ದ್ರಾಕ್ಷಾರಿಷ್ಟಕ್ಕೆ ಒಣದ್ರಾಕ್ಷಿ 50 ಪಲ, ನೀರು ಎರಡು ದ್ರೋಣ, ಬೆಲ್ಲ 200 ಪಲ. ಈಗಿನ ಲೆಕ್ಕದಂತೆ ಪಲಕ್ಕೆ 48 ಗ್ರಾಮು ಹಿಡಿದರೆ ದ್ರಾಕ್ಷಿ 2.4 ಕಿಲೋ, ಬೆಲ್ಲ 9.6 ಕಿಲೋ ಆಗುವದು. ನೀರು ನಾಲ್ಕನೆಯ ಒಂದು ಪಾಲಿಗೆ ಇಳಿಯುವ ವರೆಗೆ ದ್ರಾಕ್ಷಿಯನ್ನು ಕುದಿಸಿ, ಸೋಸಿ, ಆರಿದಮೇಲೆ ಬೆಲ್ಲವನ್ನು ಕರಗಿಸಿ, ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರ, ನಾಗಕೇಸರ, ಪ್ರಿಯಂಗು, ಮೆಣಸು, ಹಿಪ್ಪಲಿ, ವಾಯುವಿಡಂಗ ಇವುಗಳನ್ನು ಒಂದೊಂದು ಪಲ ಪುಡಿಮಾಡಿ ಹಾಕಬೇಕು. ಕೆಂಪಗೆ ಕಿರುದೀಪಗಳಂತಿರುವ ಧಾತಕೀ ಪುಷ್ಪಗಳನ್ನೂ ಅಜ್ಜನವರು ಹಾಕುತ್ತಿದ್ದರು. ಕುದಿದ ಕಷಾಯದಲ್ಲಿ ಹುದುಗನ್ನೆಬ್ಬಿಸುವ ಜೀವಾಣುಗಳು ಸತ್ತಿರುವವು. ಕಾಡಿನಿಂದ ಬಂದ ಈ ಒಣ ಹೂಗಳು ಅವನ್ನು ತಮ್ಮೊಡನೆ ಹೊತ್ತು ತರುವವು. ಹುದುಗುವಿಕೆಯು ಜೀವಿಗಳ ಕೆಲಸವೆಂಬುದನ್ನು ಫ್ರಾನ್ಸಿನ ಪಾಶ್ಚರನು 1857ರಿಂದೀಚೆಗೆ ತೋರಿಸಿಕೊಟ್ಟನು. ಅಜ್ಜನವರಿಗೆ ಪಾಶ್ಚರನು ಗೊತ್ತಿರಲಿಲ್ಲ. ಹೂವು ಹಾಕದಿದ್ದರೆ ಗಡಿಗೆಯು “ಮಾತಾಡುವದಿಲ್ಲ” ಎಂಬುದು ಗೊತ್ತಿತ್ತು.

ಬೆಲ್ಲವು ಹಾನಗಲ್ಲ ಸೀಮೆಯ ಆಲೆಮನೆಯಿಂದ ಬರುತ್ತಿತ್ತು. ಕಪ್ಪು ಕಂದುಬಣ್ಣದ್ದು, ಮುರಿದರೆ ಒಳಗೆ ಜಿಗುಟಾದದ್ದು. ಗಡಿಗೆಯ ಒಳಮೈಗೆ ತುಪ್ಪ ಸವರಿ ಧೂಪ ಕೊಟ್ಟು, ರಸವನ್ನು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಧಾನ್ಯರಾಶಿಯಲ್ಲಿ ಹೂಳಬೇಕೆಂಬುದು ಶಾಸ್ತ್ರವು. ನಮ್ಮಲ್ಲಿ ಧಾನ್ಯರಾಶಿಯೆಂದರೆ ಹಗೇವು. ಈಗಿನ ಮಕ್ಕಳು ಹಗೇವನ್ನು ಕಂಡಿರಲಾರರು. ನೆಲದೊಳಗೆ ಗುಡಾಣದಂತೆ ತೋಡಿ, ಒಳಗೆ ಹುಲ್ಲು ಹಾಸಿ, ಜೋಳವನ್ನು ತುಂಬಿ ಬಾಯಿ ಮುಚ್ಚುವ ಕಣಜವದು. ಜೋಳದ ಒಡಲಲ್ಲಿ ಚಳಿಗಾಲದಲ್ಲಿಯೂ ಬೆಚ್ಚಗಿರುವದರಿಂದ ಗಡಿಗೆಯು ಒಂದು ತಿಂಗಳಲ್ಲಿ ಪಕ್ವವಾಗುತ್ತಿತ್ತು. ಹಗೇವನ್ನು ತೆರೆದೊಡನೆ ಯಾರೂ ಇಳಿಯಬಾರದು. ಮುಚ್ಚಿದ ಧಾನ್ಯವು ಉಸಿರಾಡಿ ಬಿಟ್ಟ ವಿಷವಾಯು ಅಲ್ಲಿ ತುಂಬಿರುವದು. ಅದಕ್ಕಾಗಿ ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವನು. ಅದೇ ದೀಪದಿಂದ ಅಜ್ಜನವರು ಗಡಿಗೆಯನ್ನೂ ಪರೀಕ್ಷಿಸುತ್ತಿದ್ದರು. ಬಾಯಿಯ ಬಳಿ ಹಿಡಿದ ಬತ್ತಿಯು ಆರಿದರೆ ಒಳಗಿನ್ನೂ ಹುದುಗು ನಡೆದಿದೆ. ಉರಿದರೆ, ಮತ್ತು ಕಿವಿಗೊಟ್ಟು ಕೇಳಿದಾಗ ಸದ್ದಿಲ್ಲದಿದ್ದರೆ, ಅರಿಷ್ಟವು ಸಿದ್ಧವಾಯಿತು. ಎರಡು ಕಡೆಗೂ ಒಂದೇ ವಾಯು, ಒಂದೇ ದೀಪ.

ಈ ಗಡಿಗೆಯಿಂದ ಮನೆಗೆ ಒಮ್ಮೆ ಭಯವೂ ಬಂದಿತ್ತೆಂದು ತಂದೆಯವರು ಹೇಳುತ್ತಿದ್ದರು. ಆಗ ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. 1949ರಲ್ಲಿ ಅಲ್ಲಿ ಪಾನನಿಷೇಧದ ಶಾಸನವಾಯಿತು. ಅರಿಷ್ಟದಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು ಇರುವದಷ್ಟೆ! ವೈದ್ಯರ ಮನೆಯ ಹಗೇವಿನಲ್ಲಿ ಮದ್ಯವಿದೆಯೆಂದು ಯಾರಾದರೂ ಬರೆದುಕೊಟ್ಟರೆ ಗತಿಯೇನೆಂದು ಅಜ್ಜಿಯವರಿಗೆ ನಿದ್ರೆ ಬರುತ್ತಿರಲಿಲ್ಲವಂತೆ. 1951ರಲ್ಲಿ ಸುಪ್ರೀಂ ಕೋರ್ಟು ಬಾಲ್ಸಾರಾ ಎಂಬವರ ಪ್ರಕರಣದಲ್ಲಿ, ಮದ್ಯಾಂಶವುಳ್ಳ ಔಷಧಗಳಿಗೆ ಆ ನಿಷೇಧವನ್ನು ಹಬ್ಬಿಸಿದ ಭಾಗವು ಸಲ್ಲದೆಂದು ತೀರ್ಪಿತ್ತಿತು. ಈ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ದಿನ ಅಜ್ಜನವರು, ಚರಕನು ಎಂಭತ್ತನಾಲ್ಕು ಆಸವಗಳನ್ನೆಣಿಸಿ ಸಾವಿರಾರು ವರ್ಷಗಳಾದವು, ಸರಕಾರಕ್ಕೆ ಇಂದು ಗೊತ್ತಾಯಿತು ಎಂದರಂತೆ.

ಅಜ್ಜನವರು 1974ರಲ್ಲಿ ತೀರಿಕೊಂಡರು. ಹಳ್ಳಿಯ ಮನೆಯು ಮುಂದೆ ಬಿದ್ದುಹೋಯಿತು. ಹಗೇವನ್ನು ಮಣ್ಣು ಹಾಕಿ ಮುಚ್ಚಿದರು. ತಾಯಿಯವರ ಪೆಟ್ಟಿಗೆಯಲ್ಲಿ ಮಾತ್ರ ಅಜ್ಜನ ಕೈಯಿಂದ ಬೆಂಡು ಜಡಿದು ಅರಗು ಹಚ್ಚಿದ ಒಂದು ಸೀಸೆಯು ಉಳಿದು, ತರುವಾಯ ಹಾನಗಲ್ಲಿನ ನನ್ನ ಮನೆಗೆ ಬಂದಿತು. ಅದಕ್ಕೆ ಸುತ್ತಿದ ಕಾಗದದ ಮೇಲೆ “ಪರಿಧಾವಿ ಸಂ. ಮಾರ್ಗಶೀರ್ಷ ವದ್ಯ 7” ಎಂದಿತ್ತು, ಅಂದರೆ 1972ನೆಯ ಇಸವಿಯ ಡಿಸೆಂಬರ. ಕೆಳಗಿನ ಸಾಲು ಅರಗು ಸುರಿದು ಮುಚ್ಚಿಹೋಗಿತ್ತು. ಚೂರ್ಣವು ಎರಡು ತಿಂಗಳಿಗೆ, ಗುಟಿಕೆ ಲೇಹಗಳು ವರ್ಷಕ್ಕೆ ಹೀನವೀರ್ಯವಾಗುವವು, ಆಸವಗಳು ಮಾತ್ರ ಹಳೆಯವಾದಷ್ಟೂ ಗುಣಯುಕ್ತವಾಗುವವು ಎಂದು ಶಾರ್ಙ್ಗಧರನು ಹೇಳಿರುವನು. ಹೊಸ ಮದ್ಯವು ಗುರು, ದೋಷಗಳನ್ನು ಕೆರಳಿಸುವದು. ಹಳೆಯದು ಲಘು, ದೀಪನ, ಸ್ರೋತಸ್ಸುಗಳನ್ನು ಶೋಧಿಸುವದು ಎಂದು ಚರಕನೂ ಹೇಳುವನು. ಇವೆರಡು ಪ್ರಮಾಣಗಳ ಬಲದ ಮೇಲೆ ಆ ಸೀಸೆಯನ್ನು ನಾನು ಅಮೃತದಂತೆ ಕಾಯ್ದೆನು. ಅಂಗಡಿಯ ದ್ರಾಕ್ಷಾರಿಷ್ಟವನ್ನು ಯಾರಾದರೂ ಹೊಗಳಿದರೆ, “ಅದು ಬಣ್ಣದ ಬೆಲ್ಲದ ನೀರು, ನಮ್ಮ ಅಜ್ಜ ಅದನ್ನು ಮುಟ್ಟುತ್ತಿದ್ದಿಲ್ಲ” ಎನ್ನುತ್ತಿದ್ದೆನು. ಮುಟ್ಟುತ್ತಿದ್ದಿಲ್ಲವೆಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ.

ಹೋದ ಚಳಿಗಾಲದಲ್ಲಿ ಹಿರೇಕೆರೂರಿನಲ್ಲಿರುವ ನನ್ನ ಅಕ್ಕನಿಗೆ ಜ್ವರ ಬಂದು ಬಿಟ್ಟು, ಕೆಮ್ಮೂ ನಿಶ್ಶಕ್ತಿಯೂ ಉಳಿದವು. ಅವಳು ನನಗಿಂತ ಏಳು ವರ್ಷಕ್ಕೆ ಹಿರಿಯಳು. ನನ್ನ ಅಕ್ಷರಾಭ್ಯಾಸವು ಅವಳ ತೊಡೆಯ ಮೇಲೆ ಆದದ್ದು. ವೈದ್ಯರು ಬರೆದುಕೊಟ್ಟ ಅಂಗಡಿಯ ದ್ರಾಕ್ಷಾರಿಷ್ಟವನ್ನು ಅವಳು ಕುಡಿಯುತ್ತಿರುವಳೆಂದು ಕೇಳಿ, “ಅದನ್ನು ನಿಲ್ಲಿಸು, ಅಜ್ಜನದನ್ನು ತರುತ್ತೇನೆ” ಎಂದು ದೂರವಾಣಿಯಲ್ಲಿ ಹೇಳಿದೆನು. ಅವಳು ನಕ್ಕು ಸುಮ್ಮನಾದಳು.

ಅವಳ ಮಗನು ಅಮೆರಿಕೆಯಲ್ಲಿರುವನು. ಆಗ ತಾಯಿಯನ್ನು ನೋಡಲು ಬಂದಿದ್ದನು. ನನ್ನ ಮಾತನ್ನು ಕೇಳಿ ಅವನು, “ಮಾವ, ಅಲ್ಲಿಯೂ ನಿಮ್ಮಂಥವರು ಇದ್ದಾರೆ” ಎಂದು ಒಂದು ಸಂಗತಿಯನ್ನು ಹೇಳಿದನು. ಆ ದೇಶದಲ್ಲಿ ಬರ್ಬನ್ ಎಂಬ ಮದ್ಯವುಂಟು. ಅದರ ಧಾನ್ಯದಲ್ಲಿ ನೂರಕ್ಕೆ ಐವತ್ತೊಂದು ಪಾಲಾದರೂ ಗೋವಿನಜೋಳವಿರಬೇಕು; ಬಟ್ಟಿಯಿಳಿಸಿದ್ದನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿಡಬೇಕು. 1964ರಲ್ಲಿ ಅಲ್ಲಿಯ ಶಾಸನಸಭೆಯು ಅದನ್ನು ತಮ್ಮ ದೇಶದ ವಿಶಿಷ್ಟ ಪದಾರ್ಥವೆಂದು ಘೋಷಿಸಿತಂತೆ. ಹಲವು ದಶಕಗಳ ಹಿಂದಿನ ಸೀಸೆಗಳನ್ನು ಹುಡುಕಿ ತಂದು, ಅದೇ ಹೆಸರಿನ ಇಂದಿನ ಸೀಸೆಯೊಡನೆ ಹೋಲಿಸಿ, ಹಳೆಯದೇ ಮೇಲೆಂದು ವಾದಿಸುವವರ ಕೂಟಗಳೇ ಅಲ್ಲಿರುವವಂತೆ. “ಆದರೆ ಅವರ ಹೋಲಿಕೆಗೆ ಒಂದು ಆಧಾರ ಇದೆ. ಬರ್ಬನ್ ಪಕ್ವವಾಗುವದು ಪೀಪಾಯಿಯಲ್ಲಿ. ಗಾಜಿಗೆ ಇಳಿದ ಮೇಲೆ, ಬೆಂಡು ಗಟ್ಟಿಯಿದ್ದರೆ, ಅದಕ್ಕೆ ಹೆಚ್ಚುಕಡಿಮೆ ವಯಸ್ಸು ನಿಂತಹಾಗೆ. ನಿಮ್ಮ ಸೀಸೆಯೊಳಗಿನದು ಸುಮ್ಮನೆ ಕೂತಿರುತ್ತದೆಯೆ?” ಎಂದು ಅವನು ಕೇಳಿದನು. ಮದ್ಯದೊಡನೆ ಅಜ್ಜನ ಔಷಧವನ್ನು ಕೂಡಿಸಿದ್ದಕ್ಕೆ ನನಗೆ ಸಿಟ್ಟು ಬಂದಿತು. ಪ್ರಶ್ನೆ ಮಾತ್ರ ಸರಿಯಾದದ್ದಾಗಿತ್ತು.

ಅದರಿಂದಲೇ ಸೀಸೆಯನ್ನು ನೆಟ್ಟಗೆ ಅಕ್ಕನ ಊರಿಗೆ ಒಯ್ಯದೆ, ಮೊದಲು ಶಿಗ್ಗಾವಿಯಲ್ಲಿ ಆಯುರ್ವೇದ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಒಯ್ದೆನು. ಅವನು ಅರಗನ್ನು ಬಿಡಿಸಿ ಬೆಂಡನ್ನು ತೆಗೆದು ಮೂಗಿನ ಬಳಿ ಹಿಡಿದನು, ಏನೂ ಹೇಳಲಿಲ್ಲ. ಒಂದು ಹನಿಯನ್ನು ಗಾಜಿನ ಕಡ್ಡಿಯಿಂದ ತೆಗೆದು ತನ್ನ ನಾಲಗೆಗೆ ಮುಟ್ಟಿಸಿಕೊಂಡು, ಇನ್ನೊಂದು ಹನಿಯನ್ನು ನನಗೆ ಕೊಟ್ಟನು. ಹಲ್ಲು ಚುಳ್ಳೆಂದಿತು. ಹಿಂದಿನಿಂದ ಎಲ್ಲಿಯೋ ದೂರದಲ್ಲಿ ಹಿಪ್ಪಲಿಯ ಖಾರ, ಅಷ್ಟೆ; ಮಿಕ್ಕದ್ದೆಲ್ಲ ಹುಳಿ. “ಸರ್, ಇದಕ್ಕೆ ಏನಂತ ಹೆಸರು ನಿಮಗೇ ಗೊತ್ತು” ಎಂದನು. ಗೊತ್ತಿತ್ತು. ಕೆಟ್ಟು ಹುಳಿಯಾದ ಸಂಧಾನಕ್ಕೆ ಶುಕ್ತವೆಂದು ಹೆಸರು. ಸಡಿಲಾದ ಬೆಂಡಿನಿಂದ ಗಾಳಿಯು ಮೆಲ್ಲಗೆ ಒಳಸೇರಿ, ಇನ್ನೊಂದು ಜಾತಿಯ ಜೀವಾಣುಗಳು ಮದ್ಯಾಂಶವನ್ನು ಹುಳಿಯಾಗಿ ಮಾಡಿದ್ದವು.

ಅನಂತರ ಅವನು ಇಂದಿನ ಸೀಸೆಯೊಂದನ್ನು ತೆಗೆದು ತೋರಿಸಿದನು. ಈಗ ಕಾರಖಾನೆಗಳಲ್ಲಿ ದೊಡ್ಡ ತೊಟ್ಟಿಗಳಲ್ಲಿ, ಉಷ್ಣಮಾನವನ್ನು ಅಳೆಯುತ್ತ ಹುದುಗಿಸುವರು. ಬತ್ತಿಯ ಬದಲು ಮದ್ಯಾಂಶವನ್ನೂ ಉಳಿದ ಸಕ್ಕರೆಯನ್ನೂ ಪ್ರಯೋಗಶಾಲೆಯಲ್ಲಿ ನೋಡುವರು. ಸೋಸುವಿಕೆಯು ಚೆನ್ನಾಗಿರುವದರಿಂದ ಗಸಿ ಕಡಿಮೆ. ತಾನಾಗಿ ಹುಟ್ಟಿದ ಮದ್ಯಾಂಶವೆಷ್ಟೆಂಬುದನ್ನು ಚೀಟಿಯ ಮೇಲೆ ಅಚ್ಚುಮಾಡಿರುವರು. 2016ರ ನಿಯಮದಂತೆ ಆಸವಾರಿಷ್ಟಗಳಿಗೆ ಹತ್ತು ವರ್ಷದ ಅವಧಿಯುಂಟು. ಶಾರ್ಙ್ಗಧರನು ಮಿತಿಯಿಲ್ಲದೆ ಬಿಟ್ಟಲ್ಲಿ ಸರಕಾರವು ಮಿತಿಯನ್ನಿಟ್ಟಿತು. ಹೊಸದರಲ್ಲಿ ದೋಷಗಳೇ ಇಲ್ಲವೆಂದು ಅವನೇನೂ ಹೇಳಲಿಲ್ಲ. ರಾಸಾಯನಿಕದಿಂದ ಬಿಳಿಚಿದ ಬೆಲ್ಲವು ಪೇಟೆಯಲ್ಲಿ ಹೇರಳವಾಗಿರುವದರಿಂದ ಬೆಲ್ಲವನ್ನು ಆರಿಸುವದೇ ಇಂದು ಕಠಿಣವೆಂದೂ, ಅವಸರದಿಂದ ಹುದುಗನ್ನು ಮುಗಿಸಿದ ಮಾಲೂ ಇರುವದೆಂದೂ ಅವನೇ ಹೇಳಿದನು. ಹೊಸದನ್ನು ಸವಿದೆನು: ಸಿಹಿಯು ಮುಂದೆ, ಒಗರು ಹಿಂದೆ, ದಾಲ್ಚಿನ್ನಿಯು ಸ್ವಲ್ಪ ಹೆಚ್ಚು. ಅಜ್ಜನದಕ್ಕಿಂತ ತಿಳಿಯಾದದ್ದು. ಆದರೆ ಗಂಟಲಲ್ಲಿ ಇಳಿಯುವಾಗ ಅದೇ ಬೆಚ್ಚನೆಯ ಅನುಭವವಾಯಿತು. ಅದನ್ನು ಆಗ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅವನು ಕಾಗದದ ಮೇಲಿನ ಅರಗನ್ನು ಚೂರಿಯಿಂದ ಕೆರೆದು, ಭೂತಗನ್ನಡಿಯನ್ನು ಹಿಡಿದು ಕೆಳಗಿನ ಸಾಲನ್ನು ಓದಿದನು. ಅಜ್ಜನ ದುಂಡಾದ ಅಕ್ಷರ: “ಅಪಕ್ವ. ಕೊಡತಕ್ಕದ್ದಲ್ಲ.”

ಮರುದಿನ ಹಿರೇಕೆರೂರಿಗೆ ಹೋಗಿ ಸೀಸೆಯನ್ನೂ ಕಾಗದವನ್ನೂ ಅಕ್ಕನ ಮುಂದಿಟ್ಟು, ಅಜ್ಜನು ಕೆಟ್ಟುಹೋದ ಔಷಧವನ್ನು ಇಷ್ಟು ಜೋಕೆಯಿಂದ ಏಕೆ ಇಟ್ಟನೆಂದು ಕೇಳಿದೆನು. ಅವಳು ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದಳು.

“ತಮ್ಮಾ, ಈ ಗಡಿಗಿ ಅಜ್ಜ ನನ್ನ ಸಲವಾಗಿ ಹಾಕಿದ್ದು. ನಾ ಆಗ ಚೊಚ್ಚಲ ಬಾಣೆಂತನಕ್ಕ ತೌರಿಗೆ ಬಂದಿದ್ದೆ. ಅದು ಬರಗಾಲದ ವರ್ಷ ಅಲ್ಲೇನು? ನೀ ಸವಣೂರ ಸಾಲ್ಯಾಗ ಇದ್ದಿ, ನಿನಗ ಗೊತ್ತಿಲ್ಲ.”

1972ರ ಬರಗಾಲವು ನನಗೆ ನೆನಪಿದೆ. ಹಗೇವಿನ ಸಂಗತಿಯು ಗೊತ್ತಿರಲಿಲ್ಲ. ಗಡಿಗೆಯನ್ನು ಹೂಳಿ, ಬಾಯಿಗೆ ಮಣ್ಣು ಮೆತ್ತಿ, ಇನ್ನು ತಿಂಗಳು ತೆರೆಯುವದಿಲ್ಲವೆಂದು ಅಜ್ಜನವರು ಹೇಳಿದ್ದರಂತೆ. ಹನ್ನೆರಡನೆಯ ದಿನ ಕೇರಿಯ ಹೆಂಗಸರು ಬಂದು ಅಂಗಳದಲ್ಲಿ ಕುಳಿತರು. ಬೇಡಲಿಲ್ಲ, ಸುಮ್ಮನೆ ಕುಳಿತರು. ತಂದೆಯವರು, ಗಡಿಗೆಯು ಪಕ್ವವಾಗಲಿ, ಇನ್ನು ಹದಿನೆಂಟು ದಿನ ತಡೆಯೋಣವೆಂದರು. ಅಜ್ಜನವರು ದೀಪವನ್ನು ಕಟ್ಟಿ ಹಗೇವಿಗೆ ಇಳಿಬಿಟ್ಟರು. ಅದು ಎರಡು ಬಾರಿ ಆರಿತು. ಮೂರನೆಯ ಬಾರಿ ಉರಿಯಿತು. ಗಡಿಗೆಯನ್ನು ಮೇಲಕ್ಕೆತ್ತಿ ಬದಿಗಿಟ್ಟು, ಸಂಜೆಯವರೆಗೆ ಜೋಳವನ್ನು ಅಳೆದು ಕೊಟ್ಟರು. ಚಳಿಯಲ್ಲಿ ಹೊರಗುಳಿದ ಗಡಿಗೆಯು ಮತ್ತೆ ಮಾತಾಡಲಿಲ್ಲ. ಒಂದು ಸೀಸೆಯನ್ನು ತುಂಬಿಟ್ಟು ಮಿಕ್ಕದ್ದನ್ನು ತಿಪ್ಪೆಗೆ ಚೆಲ್ಲಿಸಿದರು. “ಇದನ್ಯಾಕ ಇಟ್ಟೀ ಅಂದ್ರ, ಏನಾಗತದ ನೋಡೂಣು ಅಂದ” ಎಂದಳು ಅಕ್ಕ.

“ಮತ್ತೆ ನಿನ್ನ ಬಾಣೆಂತನಕ್ಕೆ?”

“ಹುಬ್ಬಳ್ಳಿಗೆ ಆಳು ಕಳಿಸಿ ಅಂಗಡಿದು ತರಿಸಿದ. ಚೀಟಿ ಓದಿದ, ಒಂದು ಉದ್ಧರಣಿ ತಾನು ಕುಡಿದು ನೋಡಿದ, ‘ಅಡ್ಡಿಯಿಲ್ಲ, ಮಾಡಿದವಗ ಕೆಲಸ ಗೊತ್ತದ’ ಅಂದು ನನಗ ಕೊಟ್ಟ. ಆ ಅಂಗಡಿ ಔಷಧ ಕುಡಿದು ಎದ್ದಾಕಿ ನಾನು. ಇಂವ ಅದಾನಲ್ಲ, ಸಾಕ್ಷಿ!” ಎಂದು ಮಗನ ಕಡೆಗೆ ಬೆರಳು ತೋರಿಸಿದಳು. ಆ ಸೀಸೆಯೂ ನನ್ನ ಸೋದರಳಿಯನೂ ಒಂದೇ ಚಳಿಗಾಲದವರೆಂಬುದು ನನಗೆ ಆಗಲೇ ಹೊಳೆದದ್ದು.

ನಾನು ತಲೆ ತಗ್ಗಿಸಿ ಕುಳಿತಿದ್ದೆನು. ಆದರೂ ಮಾಸ್ತರನ ಹಟ, “ಅದಿರಲಿ, ನಾವು ಚಿಕ್ಕವರಿದ್ದಾಗ ಕುಡಿದ ಅರಿಷ್ಟದ ರುಚಿ ಬೇರೆಯೇ ಇತ್ತಷ್ಟೆ? ಹಳೆಯದಕ್ಕೆ...” ಎಂದೆನು.

“ಹಳೇದು ಎಲ್ಲಿತ್ತು ತಮ್ಮಾ? ಪುಷ್ಯದಾಗ ಗಡಿಗಿ ತೆಗೆದರ ಯುಗಾದಿಗೆ ಖಾಲಿ. ನಾಲ್ಕು ಊರ ಮಂದಿ ಕೆಮ್ಮತಿದ್ರು. ನಾವು ಕುಡಿದದ್ದೆಲ್ಲಾ ಹೊಸಾದನ ಅಲ್ಲೇನು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಐವತ್ತು ವರ್ಷ ನಾನು ಹಳೆಯದರ ರುಚಿಯೆಂದು ಹೊಗಳಿದ್ದು ಒಂದೆರಡು ತಿಂಗಳಿನ ಹೊಸ ಅರಿಷ್ಟದ ರುಚಿ. ಹಳೆಯದಾದದ್ದು ನನ್ನ ನೆನಪು, ಔಷಧವಲ್ಲ. ಆಸವವು ಹಳೆಯದಾದಷ್ಟೂ ಗುಣಯುಕ್ತವೆಂದ ಗ್ರಂಥಕಾರನ ಮಾತು ಸುಳ್ಳಲ್ಲ. ಸಿದ್ಧವಾದ, ಬಾಯಿ ಭದ್ರವಾಗಿ ಕಟ್ಟಿದ ಆಸವವನ್ನು ಕುರಿತು ಅವನು ಹೇಳಿದನು. ಪ್ರಕರಣವನ್ನು ನೋಡದೆ ಅರ್ಥಮಾಡಿದವನು ನಾನು. ಪಕ್ವವಾಗದ್ದನ್ನು ಕಾಲವು ಪಕ್ವಮಾಡಲಿಲ್ಲ, ಹುಳಿಮಾಡಿತು. ಹಾಗೆಂದು ಹೊಸದೆಲ್ಲ ಒಳ್ಳೇದೆಂದು ನಾನು ಪಕ್ಷ ಬದಲಿಸಿದವನೂ ಅಲ್ಲ. ಅಜ್ಜನವರು ಅಂಗಡಿಯ ಸೀಸೆಯನ್ನು ನೋಡಿದ ರೀತಿಯೇ ನನಗೀಗ ಸರಿಯೆನಿಸುವದು: ಚೀಟಿಯನ್ನು ಓದುವದು, ಒಂದು ಉದ್ಧರಣೆ ತಾನು ಕುಡಿದು ನೋಡುವದು, ಆಮೇಲೆ ಮಾತಾಡುವದು. ಅವರು ತಮ್ಮ ಗಡಿಗೆಯನ್ನೂ ಹೀಗೆಯೇ ನೋಡಿದರು; ಸ್ವಂತದ್ದೆಂದು ದಾಕ್ಷಿಣ್ಯ ಮಾಡದೆ “ಕೊಡತಕ್ಕದ್ದಲ್ಲ” ಎಂದು ಬರೆದಿಟ್ಟರು.

ಅಕ್ಕನಿಗೆ ಈಗ ಕೆಮ್ಮು ಇಳಿದಿದೆ. ಊಟವಾದ ಮೇಲೆ ಸಮಪಾಲು ನೀರು ಬೆರೆಸಿ ಅಂಗಡಿಯ ಅರಿಷ್ಟವನ್ನು ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳುತ್ತಿದ್ದಾಳೆ. ಹಳೆಯ ಸೀಸೆಯನ್ನು ಏನು ಮಾಡುವದೆಂದು ಕೇಳಿದೆನು. ತೊಳೆದು ಎಣ್ಣೆಗೆ ಇಟ್ಟುಕೋ ಎಂದಳು. ಅಷ್ಟು ಮಾತ್ರ ನನ್ನಿಂದಾಗಲಿಲ್ಲ. ಅದು ಮತ್ತೆ ಹಾನಗಲ್ಲಿನ ಮನೆಯ ಗೂಡಿನಲ್ಲಿದೆ. ಮೇಲೆ ಸುತ್ತಿದ ಕಾಗದದಲ್ಲಿ ಈಗ ಎರಡು ಸಾಲುಗಳೂ ಕಾಣುವವು. ಮೊಮ್ಮಕ್ಕಳು ಕೇಳಿದರೆ, ಇದು ನಿಮ್ಮ ಮುತ್ತಜ್ಜನ ತಂದೆಯವರು ಕೆಡಿಸಿದ ಅರಿಷ್ಟವೆಂದು ಹೇಳಿ, ಏಕೆ ಕೆಡಿಸಿದರೆಂಬುದನ್ನೂ ಹೇಳುತ್ತೇನೆ.